ಅಳಿಯ ಓಪನ್‌ಬಿಎಸ್‌ಡಿ ಹಾಕಿ ಹೋಗ್ಯಾನ, ಈಗ ನಾನೇ ಅಡ್ಮಿನ್ ಅಂತ. ಮುಂದೇನ್ ಮಾಡ್ಲಿ?

ಕೀರ್ದಿ_ಪುಣೆ | ಸೋಮವಾರ ರಾತ್ರಿ 9:50

ನಮಸ್ಕಾರ್ರಿ ಎಲ್ಲಾರಿಗೂ. ಪುಣೆದಾಗ ಸದಾಶಿವ ಪೇಠಿನ್ಯಾಗ ನಂದೊಂದು ಸಣ್ಣ ಅಕೌಂಟ್ಸ್ ಆಫೀಸ್ ಐತಿ, ಐದು ಮಂದಿ, ಐದು ವಿಂಡೋಸ್ ಕಂಪ್ಯೂಟರ್. ನಮ್ಮ ಅಕ್ಕನ ಮಗ ದೀಪಾವಳಿಗೆ ಬಂದಾಂವ ಮೂಲ್ಯಾಗ ಬಿದ್ದಿದ್ದ ಹಳೇ ಡೆಸ್ಕ್‌ಟಾಪಿಗೆ ಓಪನ್‌ಬಿಎಸ್‌ಡಿ ಅಂತ ವಿಂಡೋಸಿನಂಥಾ ಬ್ಯಾರೆ ಆಪರೇಟಿಂಗ್ ಸಿಸ್ಟಮ್ ಹಾಕಿ, ಮಾಮಾ ಇನ್ನ ಮ್ಯಾಲೆ ಎಲ್ಲಾ ಫೈಲೂ ಇದರಾಗ ಇಡು, ಸಂಜಿ ಆರಕ್ಕ ತಾನೇ ಹೊರಗಿನ ಯುಎಸ್‌ಬಿ ಡಿಸ್ಕಿಗೆ ಬ್ಯಾಕಪ್ ಆಗ್ತೈತಿ ಅಂತ ಹೇಳಿ, ರೂಟ್, ಅಂದ್ರ ಮಿಷಿನ್ನಿನ ಯಜಮಾನ ಖಾತೆ, ಅದರ ಪಾಸ್‌ವರ್ಡ್ ಒಂದ್ ಚೀಟಿ ಮ್ಯಾಲೆ ಬರದು ಮಾನಿಟರಿಗೆ ಅಂಟಿಸಿ ಹೈದರಾಬಾದಿಗೆ ಡ್ಯೂಟಿಗೆ ಹೋದ. ಫೋನ್ ಮಾಡಿದ್ರ ರಾತ್ರಿ ಹನ್ನೊಂದರ ಮ್ಯಾಲೆ ಎತ್ತತಾನ, ಆಗ ನಾ ಮಲಗಿರ್ತೀನಿ.

ಇವತ್ತ ಮೊದಲ್ನೇ ಸಲ ನಾನೇ ಲಾಗಿನ್ ಆದೆ. ಕರೇ ಸ್ಕ್ರೀನು, ಮೌಸ್ ಇಲ್ಲ ಏನಿಲ್ಲ. ಕಡೀಕ "ಯು ಹ್ಯಾವ್ ಮೇಲ್" ಅಂತ ಬಂತು. ಈ ಮಿಷಿನ್ನಿಗೆ ಯಾರ್ರಿ ಮೇಲ್ ಹಾಕ್ತಾರ? ನಾ ಅಂತೂ ಯಾರಿಗೂ ಅಡ್ರೆಸ್ ಕೊಟ್ಟಿಲ್ಲ. ಯಾರರೆ ಒಳಗ ಹೊಕ್ಕಾರೇನು ಅಂತ ಹೆದರಿ ಬಂದ್ ಮಾಡಿ ಮನಿಗೆ ಬಂದೆ.

ಠಾಣೆ_ಸ್ಲೋ | 10:05

ಬಾಸ್, ಅಳಿಯನಿಗೆ ಒಂದು ದೊಡ್ಡ ನಮಸ್ಕಾರ ಹಾಕಿ, ಅದನ್ನ ಒರೆಸಿ ಉಬುಂಟು ಲಿನಕ್ಸ್ ಹಾಕ್ಕೊಳಿ. ಅಕೌಂಟ್ಸ್ ಆಫೀಸಿಗೆ ಯಾರಾದ್ರೂ ಓಪನ್‌ಬಿಎಸ್‌ಡಿ ಹಾಕ್ತಾರಾ? ಯೂಟ್ಯೂಬಲ್ಲಿ ಹುಡುಕಿದ್ರೆ ಹಿಂದೀಲೂ ಒಂದು ವಿಡಿಯೋ ಸಿಗಲ್ಲ.

ಮಾಟುಂಗ_ಬನ್ಸ್ | 10:40

ಒರೆಸುದು ಬೇಡ ಮಾರಾಯ್ರೆ. ಠಾಣೆಯವರೇ, ನಿಮ್ಮ ಉಬುಂಟುವಿನಲ್ಲಿ ದೂರದ ಮಿಷಿನಿಗೆ ಹೋಗ್ಲಿಕ್ಕೆ ಎಸ್‌ಎಸ್‌ಎಚ್ ಅಂತ ಹೊಡೀತೀರಲ್ಲ, ಆ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಹುಟ್ಟಿದ್ದು ಇದೇ ಓಪನ್‌ಬಿಎಸ್‌ಡಿ ಮನೆಯಲ್ಲಿ. ಹಾಗಾಗಿ ಸ್ವಲ್ಪ ಮರ್ಯಾದೆ ಇರ್ಲಿ.

ಕೀರ್ದಿಯವರೇ, ಹೆದರ್ಬೇಡಿ, ಯಾರೂ ಒಳಗೆ ಬರ್ಲಿಲ್ಲ. ಈ ಮೇಲ್ ಜೀಮೇಲ್ ಥರದ್ದಲ್ಲ, ಮಿಷಿನ್ ತನ್ನೊಳಗೇ ರೂಟಿಗೆ ಬರೆದಿಟ್ಟ ಕಾಗದ. ಲಾಗಿನ್ ಆಗಿ "ಮೇಲ್" ಅಂತ ಟೈಪ್ ಮಾಡಿ ಎಂಟರ್ ಹೊಡೀರಿ (ನನ್ನ ಫೋನಲ್ಲಿ ಕನ್ನಡ ಕೀಬೋರ್ಡೇ ಇರುದು, ಕಮಾಂಡ್ ಎಲ್ಲ ಕನ್ನಡದಲ್ಲೇ ಬರೀತೇನೆ, ನೀವು ಅಲ್ಲಿ ಇಂಗ್ಲಿಷಲ್ಲಿ ಹೊಡೀರಿ, ಎಲ್ಲ ಸಣ್ಣ ಅಕ್ಷರ). ಪಟ್ಟಿ ಬರ್ತದೆ. ಒಂದನೇದು ಥಿಯೋ ಡಿ ರಾಟ್ ಹೆಸರಲ್ಲಿ ಇರ್ತದೆ. ಅವರೇ 1995ರಲ್ಲಿ ನೆಟ್‌ಬಿಎಸ್‌ಡಿಯಿಂದ ಬೇರೆಯಾಗಿ ಇದನ್ನು ಶುರು ಮಾಡಿದ್ದು. ಇನ್‌ಸ್ಟಾಲ್ ಆದ ಪ್ರತಿ ಮಿಷಿನಿಗೂ ಅವರ ಹೆಸರಲ್ಲೊಂದು ಸ್ವಾಗತದ ಕಾಗದ ಬರ್ತದೆ. ಇನ್ನೊಂದು ಮೊದಲ ಬೂಟಿನದ್ದು, ಫರ್ಮ್‌ವೇರ್ ಎಂತೆಂತ ಹಾಕಿತು, ಪ್ಯಾಚ್ ಎಂತ ಬಾಕಿ ಉಂಟು ಅಂತ. ಹೊಸ ಅಡ್ಮಿನ್ ಮಾಡ್ಬೇಕಾದ ಮೊದಲ ಕೆಲಸ ಈ ಕಾಗದ ಓದುದು. ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೇನೆ, ಹಾಳಾದ ಸರ್ವರ್ ನೋಡ್ಲಿಕ್ಕೆ ಕರೆದಾಗೆಲ್ಲ ರೂಟಿನ ಡಬ್ಬಿಯಲ್ಲಿ ಸಾವಿರಗಟ್ಟಲೆ ಮೇಲ್ ಇರ್ತದೆ, ಎಲ್ಲದರಲ್ಲೂ ಅದೇ ತೊಂದರೆ ಬರೆದಿರ್ತದೆ, ಒಂದೂ ಓದಿರುದಿಲ್ಲ.

ಎರಡನೇದು "ಮ್ಯಾನ್ ಆಫ್ಟರ್‌ಬೂಟ್". ಇನ್‌ಸ್ಟಾಲ್ ಆದ ಮೇಲೆ ಎಂತೆಂತ ನೋಡ್ಬೇಕು ಅಂತ ಅವರೇ ಬರೆದಿಟ್ಟ ಪುಟ ಅದು. ತಾರೀಕು, ನೆಟ್‌ವರ್ಕ್, ಡಿಸ್ಕ್, ಪಾಸ್‌ವರ್ಡ್ ಎಲ್ಲ ಉಂಟು. ಸ್ಪೇಸ್ ಒತ್ತಿದ್ರೆ ಮುಂದೆ, ಕ್ಯೂ ಒತ್ತಿದ್ರೆ ಹೊರಗೆ.

ಕೀರ್ದಿ_ಪುಣೆ | ಮಂಗಳವಾರ ಮಧ್ಯಾಹ್ನ 1:15

ಓದಿದೆನ್ರಿ ಸರ. ಖರೇನ ಥಿಯೋ ಸಾಹೇಬ್ರ ಕಾಗದ ಬಂದಿತ್ತು, ನಮ್ಮಂಥ ಬಡವರ ಆಫೀಸಿಗೂ ಬರೀತಾರಲ್ಲ ಅಂತ ಖುಷಿ ಆತು. ಆದ್ರ ಕ್ಯೂ ಒತ್ತಿ ಹೊರಗ ಬಂದು ಮತ್ತೊಮ್ಮೆ ಮೇಲ್ ಅಂದ್ರ "ನೋ ಮೇಲ್" ಅಂತೈತಿ. ಕಳದ್ನೇನು?

ಮಾಟುಂಗ_ಬನ್ಸ್ | 1:40

ಕಳೀಲಿಲ್ಲ. ಓದಿ ಮುಗಿಸಿದ್ದನ್ನು ಅದು ಎಂಬಾಕ್ಸ್ ಅನ್ನುವ ಫೈಲಿಗೆ ಎತ್ತಿಡ್ತದೆ. "ಮೇಲ್ ಮೈನಸ್ ಎಫ್" ಅಂತ ಕೊಟ್ಟರೆ ಅದು ತೆರೀತದೆ. ಇದ್ದಲ್ಲೇ ಇರ್ಲಿ ಅಂದ್ರೆ ಕ್ಯೂ ಬದಲು ಎಕ್ಸ್ ಒತ್ತಿ ಹೊರಗೆ ಬನ್ನಿ.

ಈಗ ಮುಖ್ಯ ಮಾತು. ನೀವು ರೂಟ್ ಆಗಿಯೇ ಎಲ್ಲ ಮಾಡ್ತಿದ್ದೀರಿ ಅಲ್ಲವಾ? ನಿಮಗೇಂತ ಬೇರೆ ಯೂಸರ್ ಉಂಟಾ?

ಕೀರ್ದಿ_ಪುಣೆ | 1:52

ಇಲ್ರಿ. ಯೂಸರ್ ಮಾಡ್ಲೇನು ಅಂತ ಇನ್‌ಸ್ಟಾಲ್ ಮಾಡುಮುಂದ ಅದು ಕೇಳಿತ್ತಂತ, ಅಂವ ನೋ ಅಂದಾನಂತ. ಅವಸರದ ಮನಷಾ.

ಚಿಂಚವಡ_ಅಕ್ಕ | 2:20

ಮೊದಲು ಮಾನಿಟರ್ ಮೇಲಿನ ಚೀಟಿ ತೆಗೀರಿ! ಪಾಸ್‌ವರ್ಡ್ ಬದಲಿಸಿ, ಹೊಸದನ್ನ ಕಾಗದದ ಮೇಲೆ ಬರೆದು ಲಕೋಟೆಗೆ ಹಾಕಿ ಅಂಟಿಸಿ ಚೆಕ್‌ಬುಕ್ ಇಡೋ ಕಪಾಟಿನಲ್ಲಿಡಿ. ಮಿಷಿನನ್ನೂ ಬಾಗಿಲಿರೋ ಜಾಗದಲ್ಲಿಡಿ, ಯಾಕಂದ್ರೆ ಎದುರಿಗೆ ಕೂತವನು ಆನ್ ಮಾಡುವಾಗ "ಬೂಟ್ ಮೈನಸ್ ಎಸ್" ಅಂತ ಕೊಟ್ಟು ಪಾಸ್‌ವರ್ಡ್ ಇಲ್ಲದೇನೇ ರೂಟ್ ಆಗಬಹುದು. ಪಾಸ್‌ವರ್ಡ್ ಮರೆತವರಿಗೆ ಅಂತ ಇರೋ ದಾರಿ, ಕಳ್ಳನಿಗೂ ಅದೇ ದಾರಿ.

ಮಾಟುಂಗ_ಬನ್ಸ್ | 2:45

ಅಕ್ಕ ಹೇಳಿದ್ದು ಸರಿ. ಆಮೇಲೆ "ಆಡ್‌ಯೂಸರ್" ಅಂತ ಹೊಡೀರಿ, ಹೆಸರು ಎಲ್ಲ ಕೇಳ್ತದೆ, ಬೇರೆ ಗುಂಪಿಗೆ ಸೇರಿಸ್ಲಾ ಅಂತ ಕೇಳುವಾಗ ಎಂಟರ್ ಹೊಡೆದು ಮುಂದೆ ಹೋಗ್ಬೇಡಿ, ಅಲ್ಲಿ "ವೀಲ್" ಅಂತ ಬರೀರಿ. ವೀಲ್ ಗುಂಪಲ್ಲಿ ಇಲ್ಲದವ ಸು (ಯೂಸರ್ ಬದಲಿಸುವ ಕಮಾಂಡ್) ಹಾಕಿ ರೂಟ್ ಆಗ್ಲಿಕ್ಕೆ ಆಗುದಿಲ್ಲ. ಆಮೇಲೆ ದಿನಾ ಆ ಯೂಸರಿನಲ್ಲೇ ಬನ್ನಿ, ರೂಟಿನ ಕೆಲಸ ಇದ್ರೆ ಕಮಾಂಡಿನ ಮುಂದೆ "ಡೂಆಸ್" ಅಂತ ಸೇರಿಸಿ. ಲಿನಕ್ಸಿನ ಸುಡೋ ಇದ್ದ ಹಾಗೆ, 2015ರಲ್ಲಿ 5.8ರ ಜೊತೆ ಬಂತು, ಸಣ್ಣದು, ಕಾನ್ಫಿಗ್ ಒಂದೇ ಸಾಲು.

ಠಾಣೆ_ಸ್ಲೋ | 3:10

ಗ್ರೂಪ್ ವಿಷ್ಯ ಬಂತಲ್ಲ, ನನ್ನ ಕಥೆ ಕೇಳಿ. ಉಬುಂಟುನಲ್ಲಿ ನನ್ನನ್ನ ನಾನೇ ಡಾಕರ್ ಗುಂಪಿಗೆ ಸೇರಿಸ್ಕೊಳೋಕೆ "ಯೂಸರ್‌ಮಾಡ್ ಮೈನಸ್ ದೊಡ್ಡ ಜಿ ಡಾಕರ್" ಅಂತ ಹೊಡ್ದೆ, ಮೈನಸ್ ಎ ಹಾಕೋದು ಮರ್ತೋಯ್ತು. ಲಿನಕ್ಸಲ್ಲಿ ಮೈನಸ್ ಎ ಇಲ್ದಿದ್ರೆ ಅದು ಸೇರ್ಸಲ್ಲ ಗುರು, ಹಳೇ ಗುಂಪೆಲ್ಲ ಕಿತ್ತಾಕಿ ಇದೊಂದನ್ನೇ ಇಡುತ್ತೆ. ಅಂದ್ರೆ ಸುಡೋ ಗುಂಪಿಂದ ನಾನೇ ನನ್ನನ್ನ ಹೊರಗೆ ಹಾಕ್ಕೊಂಡೆ. ಲಾಗೌಟ್ ಆಗಿ ಬಂದು ಸುಡೋ ಅಂದ್ರೆ "ನೀನು ಸುಡೋಯರ್ಸ್ ಫೈಲಲ್ಲಿ ಇಲ್ಲ" ಅಂತು. ನನ್ನ ಮನೆಗೇ ನಾನು ಹೊರಗಿನವನು. ರಿಕವರಿ ಮೋಡಿಗೆ ಹೋಗಿ ಸರಿ ಮಾಡೋ ಹೊತ್ತಿಗೆ ಕೊನೇ ಲೋಕಲ್ ಹೋಗಿತ್ತು.

ಕೀರ್ದಿ_ಪುಣೆ | ಸಂಜೆ 5:30

ಯೂಸರ್ ಆತ್ರಿ. ಆದ್ರ ಡೂಆಸ್ ಅಂದ್ರ "ಡೂಆಸ್ ಈಸ್ ನಾಟ್ ಎನೇಬಲ್ಡ್" ಅಂತೈತಿ. ಅದರ ಫೈಲ್ ಮಾಡೂಣಂತ ವಿಐ ಅನ್ನೂ ಎಡಿಟರ್ ಒಳಗ ಹೋದೆ, ಅಲ್ಲಿಂದ ಹೊರಗ ಬರೂದು ತಿಳೀವಲ್ದು. ಈಗ್ಲೂ ಒಳಗ ಅದೀನಿ. ಫೋನಿಂದ ಬರ್ಯಾಕತ್ತೀನಿ.

ವಾಸ್ಕೋ_ರೋಡ್ | 5:34

😂 ಎಲ್ಲರೂ ಒಮ್ಮೆ ಸಿಕ್ಕಿ ಬಿದ್ದ ಬಾವಿ ಅದು. ಎಸ್ಕೇಪ್ ಒತ್ತಿ, ಆಮೇಲೆ ಕೋಲನ್, ಕ್ಯೂ, ಆಶ್ಚರ್ಯ ಚಿಹ್ನೆ, ಎಂಟರ್. ಉಳಿಸಿ ಹೊರಗೆ ಬರ್ಬೇಕಂದ್ರೆ ಕ್ಯೂ ಬದಲು ಡಬ್ಲ್ಯೂಕ್ಯೂ, ಚಿಹ್ನೆ ಬೇಡ.

ಮಾಟುಂಗ_ಬನ್ಸ್ | 5:50

ಆ ಫೈಲ್ ಮೊದಲು ಇರುದೇ ಇಲ್ಲ, ನಾವೇ ಮಾಡ್ಬೇಕು. ಬರೀಲಿಕ್ಕೆ ಕಷ್ಟ ಆದ್ರೆ ರೂಟ್ ಆಗಿ "/ಇಟಿಸಿ/ಎಕ್ಸಾಂಪಲ್ಸ್" ಒಳಗಿರುವ ಡೂಆಸ್.ಕಾನ್ಫನ್ನು /ಇಟಿಸಿಗೆ ಕಾಪಿ ಮಾಡಿ. ಇಲ್ಲದಿದ್ರೆ "ಪರ್ಮಿಟ್ ಪರ್ಸಿಸ್ಟ್ :ವೀಲ್" ಅಂತ ಒಂದೇ ಸಾಲು. ಪರ್ಸಿಸ್ಟ್ ಇದ್ರೆ ಪ್ರತಿ ಸಲ ಪಾಸ್‌ವರ್ಡ್ ಕೇಳಿ ತಲೆ ತಿನ್ನುದಿಲ್ಲ. ಬರೆದ ಮೇಲೆ "ಡೂಆಸ್ ಮೈನಸ್ ದೊಡ್ಡ ಸಿ /ಇಟಿಸಿ/ಡೂಆಸ್.ಕಾನ್ಫ್" ಹಾಕಿ ಫೈಲ್ ಸರಿ ಉಂಟಾ ನೋಡಿ, ಆಮೇಲೆಯೇ ರೂಟಿನಿಂದ ಹೊರಗೆ ಬನ್ನಿ.

ರೂಟ್ ಮೇಲ್ ಈಗ ನಿಮ್ಮ ಯೂಸರಿಗೆ ಬರ್ಬೇಕಲ್ಲ, "/ಇಟಿಸಿ/ಮೇಲ್/ಅಲಯಾಸಸ್" ಅಲ್ಲಿ ರೂಟ್ ಅಂತ ಬರೆದು ಕೋಲನ್ ಹಾಕಿ ನಿಮ್ಮ ಹೆಸರು ಬರೀರಿ, "ನ್ಯೂಅಲಯಾಸಸ್" ಹೊಡೀರಿ. ಇದನ್ನು ಮಾತ್ರ ನಾಳೆಗೆ ಅಂತ ಬಿಡ್ಬೇಡಿ.

ವಾಸ್ಕೋ_ರೋಡ್ | ರಾತ್ರಿ 8:15

ಹೊರಗೆ ಬರೋ ಮುಂಚೆ ಚೆಕ್ ಮಾಡಿ ಅಂದ್ರಲ್ಲ ಬನ್ಸ್ ಅಣ್ಣ, ನಂದೊಂದು ಗಾಯ ನೆನಪಾಯ್ತು. ಇಲ್ಲಿ ಗೋವಾದಲ್ಲಿ ಎರಡು ಮೂರು ಹೋಟೆಲ್‌ಗಳ ನೆಟ್‌ವರ್ಕ್ ನಾನು ನೋಡ್ಕೊಳ್ತೀನಿ, ಗೇಟ್‌ವೇ ಎಲ್ಲ ಓಪನ್‌ಬಿಎಸ್‌ಡಿ. ಹೊಸದಾಗಿ ಕಲ್ತಿದ್ದಾಗ ಮಾಪ್ಸಾ ಹತ್ರದ ಒಂದು ಬಾಕ್ಸಿಗೆ ವಾಸ್ಕೋದ ಮನೇಲಿ ಕೂತು ಎಸ್‌ಎಸ್‌ಎಚ್ ಮಾಡಿ ಪಿಎಫ್, ಅಂದ್ರೆ ಅದರ ಫೈರ್‌ವಾಲ್, ಅದಕ್ಕೆ ರೂಲ್ ಬರೆದೆ, ಎಲ್ಲ ಬ್ಲಾಕ್, ಬೇಕಾದ್ದು ಮಾತ್ರ ಪಾಸ್. ಎಸ್‌ಎಸ್‌ಎಚ್ ಪಾಸ್ ಮಾಡೋದೇ ಮರ್ತೆ. ಮಜಾ ಏನು ಗೊತ್ತಾ, ರೂಲ್ ಲೋಡ್ ಮಾಡಿದ ಮೇಲೂ ನನ್ನ ಕನೆಕ್ಷನ್ ಕಡೀಲಿಲ್ಲ, ಆರಾಮಾಗಿ ನಡೀತಾ ಇತ್ತು. ಯಾಕಂದ್ರೆ ಪಿಎಫ್ ಮೊದಲೇ ತೆರೆದ ಕನೆಕ್ಷನ್ನಿನ ಲೆಕ್ಕ ಇಟ್ಕೊಂಡಿರುತ್ತೆ, ಹೊಸ ರೂಲ್ ಬಂದ್ರೂ ಹಳೇದನ್ನ ಕಡಿಯಲ್ಲ. ನಾನು ಎಲ್ಲ ಓಕೆ ಅಂದ್ಕೊಂಡು ಎಕ್ಸಿಟ್ ಹೊಡ್ದೆ. ಐದು ನಿಮಿಷ ಬಿಟ್ಟು ಮತ್ತೆ ಹೋಗೋಣ ಅಂದ್ರೆ ಬಾಗಿಲು ಬಂದ್.

ಜುಲೈ ತಿಂಗಳು, ಸ್ಕೂಟರು, ರೇನ್‌ಕೋಟಿನ ಚೈನು ಕಿತ್ತಿತ್ತು. ಕೊರ್ಟಾಲಿಂ ಇಳಿದು ಜುವಾರಿ ಸೇತುವೆ ಮೇಲೆ ಗಾಳಿ ಗಾಡೀನೇ ತಳ್ತಿತ್ತು, ಪಣಜಿ ದಾಟಿ ಮಾಪ್ಸಾ ಮುಟ್ಟೋ ಹೊತ್ತಿಗೆ ಚಪ್ಪಲಿ ಒಳಗೆ ಮೀನು ಸಾಕಬಹುದಿತ್ತು. ರಿಸೆಪ್ಷನ್ ಹುಡುಗಿ ಟವೆಲ್ ಕೊಟ್ಟಳು. ಒಂದು ಸಾಲು ಟೈಪ್ ಮಾಡೋಕೆ ಅಷ್ಟು ದೂರ.

ಅವತ್ತಿಂದ ಮೊದಲು "ಪಿಎಫ್‌ಸಿಟಿಎಲ್ ಮೈನಸ್ ಎನ್ಎಫ್" ಹಾಕಿ ಫೈಲ್ ಚೆಕ್ ಮಾಡ್ತೀನಿ, ಆದ್ರೆ ಅದು ವ್ಯಾಕರಣ ನೋಡುತ್ತೆ, ಬುದ್ಧಿ ನೋಡಲ್ಲ. ಅದಕ್ಕೆ "ಅಟ್" ಕಮಾಂಡಲ್ಲಿ ಐದು ನಿಮಿಷ ಆದ್ಮೇಲೆ ಹಳೇ ರೂಲ್ ತಾನೇ ವಾಪಸ್ ಬರೋ ಹಾಗೆ ಇಟ್ಟು, ಆಮೇಲೆ ಹೊಸದು ಲೋಡ್ ಮಾಡಿ, ಇನ್ನೊಂದು ವಿಂಡೋದಿಂದ ಹೊಸದಾಗಿ ಒಳಗೆ ಹೋಗಕ್ಕಾಗುತ್ತಾ ನೋಡ್ತೀನಿ. ಹೋದ್ರೆ ಆ ಅಟ್ ಕ್ಯಾನ್ಸಲ್.

ಕೀರ್ದಿ_ಪುಣೆ | ಬುಧವಾರ ಬೆಳಿಗ್ಗೆ 9:40

ವಾಸ್ಕೋ ಅಣ್ಣಾ ನಿಮ್ಮ ಪಿಎಫ್ ನನಗ ಸದ್ಯಕ್ಕ ಬ್ಯಾಡ್ರಿ, ಅದು ಮೊದಲ ಹೆಂಗೈತಿ ಹಂಗ ಇರ್ಲಿ. ನನಗ ಬ್ಯಾರೇನ ಬಂದೈತಿ. ಇವತ್ತ ಮುಂಜಾನೆ ಆನ್ ಮಾಡಿದ್ರ ಅರ್ಧಕ್ಕ ನಿಂತೈತಿ. ಸ್ಕ್ರೀನ್ ಮ್ಯಾಲೆ ಏನ್ ಐತಿ ಅಂದ್ರ, ಫೈಲ್ ಸಿಸ್ಟಮ್ ಚೆಕ್ ಫೇಲ್ ಆತು, ಕಡೀಕ "ಹೆಲ್ಪ್!" ಖರೇನ, ಹೆಲ್ಪ್ ಅಂತ ಬರದೈತಿ. ಮಿಷಿನ್ನೇ ನನಗ ಹೆಲ್ಪ್ ಕೇಳಿದ್ರ ನಾ ಯಾರಿಗೆ ಕೇಳ್ಲಿ?

ಮಾಟುಂಗ_ಬನ್ಸ್ | 9:48

ಹ್ಹ ಹ್ಹ, ಆ ಹೆಲ್ಪ್ ಹಳೇ ಬಿಎಸ್‌ಡಿ ಕಾಲದ ಸಾಲು, ಬೂಟ್ ಸ್ಕ್ರಿಪ್ಟಲ್ಲೇ ಉಂಟು. ಶೆಲ್ ಯಾವುದು ಅಂತ ಕೇಳಿದ್ರೆ ಎಂಟರ್ ಹೊಡೀರಿ, ಆಮೇಲೆ "ಎಫ್‌ಎಸ್‌ಸಿಕೆ ಮೈನಸ್ ವೈ". ಕ್ಲಿಯರ್, ಸಾಲ್ವೇಜ್ ಅಂತೆಲ್ಲ ಓಡ್ತದೆ, ಓಡ್ಲಿ. ಮುಗಿದ ಮೇಲೆ "ರೀಬೂಟ್".

ಆದ್ರೆ ಒಂದು ಕೇಳ್ತೇನೆ, ನಿನ್ನೆ ರಾತ್ರಿ ಬಂದ್ ಮಾಡಿದ್ದು ಹೇಗೆ?

ಕೀರ್ದಿ_ಪುಣೆ | 10:20

ಚಾಲೂ ಆತ್ರಿ, ದೇವರು ದೊಡ್ಡಾಂವ. ಬಂದ್ ಮಾಡೂದು ಅಂದ್ರ... ನಾವ್ ಬಂದ್ ಮಾಡೂದಿಲ್ರಿ. ಎಂಟಕ್ಕ ನಮ್ಮ ಮಾವಶಿ ಕಸಾ ಹೊಡದು, ಶಟರ್ ಎಳೆಯೂಕಿಂತ ಮೊದಲ ಬಾಗಲ ಹಿಂದಿನ ಮೇನ್ ಸ್ವಿಚ್ ಇಳಿಸ್ತಾಳ. ಹದಿನೈದು ವರ್ಷದಿಂದ ಹಂಗ. ಮೀಟರ್ ಬಿಲ್ ಬರಬಾರದು ಅಂತ ನಾನೇ ಕಲಿಸಿದ್ದು.

ಮಾಟುಂಗ_ಬನ್ಸ್ | 10:31

ಅಯ್ಯೋ ದೇವಾ.

ಸರಿ. ಇದರ ಫೈಲ್ ಸಿಸ್ಟಮಿಗೆ ಜರ್ನಲ್ (ಬರೆಯುವ ಮೊದಲು ಇಡುವ ಟಿಪ್ಪಣಿ) ಇಲ್ಲ, ಬರೀತಾ ಇರುವಾಗ ಕರೆಂಟ್ ತೆಗೆದ್ರೆ ಮಾರನೇ ದಿನ ಎಲ್ಲ ತಪಾಸಣೆ ಮಾಡ್ಬೇಕಾಗ್ತದೆ. ಮಾವಶಿಗೆ ಹೇಳಿ, ಮೇನ್ ಇಳಿಸುವ ಮೊದಲು ಡಬ್ಬದ ಪವರ್ ಬಟನ್ ಒಂದೇ ಸಲ ಒತ್ತಿ ಬಿಡ್ಬೇಕು, ಹಿಡಿದುಕೊಳ್ಳಬಾರ್ದು, ಫ್ಯಾನ್ ನಿಂತ ಮೇಲೆ ಮೇನ್. ನೀವೇ ಮಾಡುದಾದ್ರೆ "ಡೂಆಸ್ ಹಾಲ್ಟ್ ಮೈನಸ್ ಪಿ".

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದುಂಟು. ಓಪನ್‌ಬಿಎಸ್‌ಡಿ ದಿನಾ ರಾತ್ರಿ 1:30ಕ್ಕೆ ಡೈಲಿ ಅನ್ನುವ ಸ್ಕ್ರಿಪ್ಟ್ ಓಡಿಸ್ತದೆ. ಹಳೇ ಟೆಂಪ್ ಫೈಲ್ ಗುಡಿಸ್ತದೆ, ಡಿಸ್ಕಲ್ಲಿ ಎಷ್ಟು ಜಾಗ ಉಂಟು ನೋಡ್ತದೆ, /ಇಟಿಸಿಯಲ್ಲಿ ಯಾವ ಫೈಲ್ ಬದಲಾಯ್ತು ಅಂತ ಹಿಂದಿನ ದಿನದ್ದಕ್ಕೆ ಹೋಲಿಸಿ ಮೇಲ್ ಹಾಕ್ತದೆ. ರಾತ್ರಿ 1:30ಕ್ಕೆ ನಿಮ್ಮ ಮೇನ್ ಸ್ವಿಚ್ಚೇ ಇಳಿದಿರ್ತದೆ. ಅಂದ್ರೆ ಹಾಕಿದಾಗಿನಿಂದ ಒಂದು ದಿನವೂ ಅದು ಓಡ್ಲೇ ಇಲ್ಲ.

ಚಿಂಚವಡ_ಅಕ್ಕ | 10:50

ರೂಟ್ ಕ್ರಾಂಟ್ಯಾಬ್‌ನಲ್ಲಿ (ಯಾವ ಕೆಲಸ ಎಷ್ಟೊತ್ತಿಗೆ ಅನ್ನೋ ಪಟ್ಟಿ) ಡೈಲಿ ಇರೋ ಸಾಲಲ್ಲಿ 30 ಆದ್ಮೇಲೆ 1 ಇದೆಯಲ್ಲ, ಅದನ್ನ 13 ಮಾಡಿ. "ಡೂಆಸ್ ಕ್ರಾಂಟ್ಯಾಬ್ ಮೈನಸ್ ಇ". ಒಂದು ಅಂಕಿ ಸೇರಿಸಿದ್ರೆ ಮಧ್ಯರಾತ್ರಿ ಕೆಲಸ ಊಟದ ಹೊತ್ತಿಗೆ ಆಗುತ್ತೆ. ವೀಕ್ಲಿದು ಶನಿವಾರ 3:30ಕ್ಕೆ, ಮಂತ್ಲಿದು ಒಂದನೇ ತಾರೀಕು 5:30ಕ್ಕೆ, ಅವನ್ನೂ ಹಗಲಿಗೆ ತನ್ನಿ.

ಕೀರ್ದಿ_ಪುಣೆ | ಗುರುವಾರ ಮಧ್ಯಾಹ್ನ 2:05

ಮೇಲ್ ಬಂತ್ರಿ! ಊಟದ ಡಬ್ಬಿ ಮುಂದಿಟ್ಕೊಂಡು ಓದಾಕತ್ತೀನಿ. ಒಂದ್ ಲೆಕ್ಕ ತಪ್ಪೈತಿ. ಮೊದಲ್ನೇ ಸಾಲಿನ ಮುಂದ 104% ಅಂತೈತಿ. "ಡಿಎಫ್ ಮೈನಸ್ ಎಚ್" ಹಾಕಿ ನಾನೂ ನೋಡಿದೆ: ಒಟ್ಟು 986 ಎಂಬಿ, ಖರ್ಚು 970, ಉಳಿಕೆ ಮೈನಸ್ 33. ಮೂವತ್ತು ವರ್ಷ ಆತು ತಾಳೆಪಟ್ಟಿ ನೋಡಾಕತ್ತು, ಡಿಸ್ಕ್ ಓವರ್‌ಡ್ರಾಫ್ಟ್ ಹೋಗಿದ್ದು ಇದ ಮೊದಲ್ನೇ ಸಲ ನೋಡಿದ್ದು. 986ರಾಗ 970 ಕಳದ್ರ 16 ಉಳೀಬೇಕಲ್ಲ?

ಮಾಟುಂಗ_ಬನ್ಸ್ | 2:20

ಓವರ್‌ಡ್ರಾಫ್ಟ್ ಅಂದ್ರಲ್ಲ, ಬಹಳ ಸರಿಯಾದ ಮಾತು. ನೂರಕ್ಕೆ ಐದು ಭಾಗ ರೂಟಿಗೇ ಅಂತ ಬೇರೆ ಎತ್ತಿಟ್ಟಿರ್ತದೆ, 986ರಲ್ಲಿ ಸುಮಾರು 49. ಸಾಮಾನ್ಯ ಯೂಸರಿಗೆ ಅದನ್ನು ಬಿಟ್ಟು ಲೆಕ್ಕ, ಅದಕ್ಕೇ ಮೈನಸ್. ಅಂದ್ರೆ ಆ ಐದನ್ನೂ ತಿಂದದ್ದು ರೂಟಾಗಿ ಓಡುವ ಯಾವುದೋ ಕೆಲಸ. ಒಂದು ಜಿಬಿಯ ಮೂಲ ಪಾರ್ಟಿಶನಲ್ಲಿ (ಡಿಸ್ಕಿನ ಮೊದಲ ಪಾಲು) ಅಷ್ಟು ತುಂಬುವಂಥದ್ದು ಎಂತದೂ ಇರುದಿಲ್ಲ. ಅಳಿಯನ ಬ್ಯಾಕಪ್ ರೂಟಲ್ಲಿ ಓಡ್ತದಾ? ಯುಎಸ್‌ಬಿ ಡಿಸ್ಕ್ ಎಲ್ಲಿ ಮೌಂಟ್ ಆಗ್ತದೆ, ಅಂದ್ರೆ ಯಾವ ಫೋಲ್ಡರಿಗೆ ಜೋಡಿಸಿದ್ದು?

ಕೀರ್ದಿ_ಪುಣೆ | 2:35

/ಎಂಎನ್‌ಟಿ/ಬ್ಯಾಕಪ್ ಅಂತ, ಆನ್ ಆಗುಮುಂದ ಓಡೂ ಆರ್‌ಸಿ.ಲೋಕಲ್ ಫೈಲಿನ್ಯಾಗ ಬರದಾನ್ರಿ.

ವಾಸ್ಕೋ_ರೋಡ್ | 2:38

ಗೊತ್ತಾಯ್ತು. "ಮೌಂಟ್" ಅಂತ ಹೊಡೆದು ನೋಡಿ, ಆ ಹೆಸರು ಪಟ್ಟೀಲಿ ಇಲ್ಲ ಅಂತ ನನ್ನ ಸ್ಕೂಟರ್ ಬೆಟ್.

ಕೀರ್ದಿ_ಪುಣೆ | 2:50

ಇಲ್ಲ.

ಎದ್ದು ಡಬ್ಬದ ಹಿಂದ ನೋಡಿದೆ. ಯುಎಸ್‌ಬಿ ಡಿಸ್ಕಿನ ವೈರ್ ನೆಲದ ಮ್ಯಾಲೆ ಬಿದ್ದೈತಿ, ಆ ತೂತಿಗೆ ನಮ್ಮ ಆರ್ಟಿಕಲ್ (ಸಿಎ ತರಬೇತಿ) ಹುಡುಗನ ಫೋನ್ ಚಾರ್ಜರ್ ಹಾಕ್ಯಾರ. ಯಾವಾಗಿಂದ ಅಂದ್ರ, ಹದಿನೈದು ದಿನ ಆಗಿರಬೇಕು ಸರ ಅಂತಾನ.

ಮಾಟುಂಗ_ಬನ್ಸ್ | 3:05

ಹಾಗಾದ್ರೆ ಹದಿನೈದು ದಿನದಿಂದ ಬ್ಯಾಕಪ್ ಆಗ್ಲಿಲ್ಲ. ಡಿಸ್ಕ್ ಇಲ್ಲದಾಗ ಅದು ಖಾಲಿ ಫೋಲ್ಡರ್ ಅಷ್ಟೇ, ಸ್ಕ್ರಿಪ್ಟ್ ಪಾಪ ಅಲ್ಲೇ ಸುರಿದು ಒಳಗಿನ ಮೂಲ ಪಾರ್ಟಿಶನ್ ತುಂಬಿಸಿತು.

ಮೊದಲು ಮೌಂಟ್ ಇಲ್ಲ ಅಂತ ಇನ್ನೊಮ್ಮೆ ನೋಡಿ, ಖಚಿತ ಮಾಡಿ, ಆಮೇಲೆಯೇ ಆ ಫೋಲ್ಡರಿನ ಒಳಗಿನದ್ದು ಅಳಿಸಿ. ಡಿಸ್ಕ್ ಚುಚ್ಚಿದ ಮೇಲೆ ಅಳಿಸಿದ್ರೆ ಹಳೇ ಬ್ಯಾಕಪ್ ಕೂಡ ಹೋಗ್ತದೆ, ಇದನ್ನು ಎರಡು ಸಲ ಓದಿ. ಆಮೇಲೆ ಡಿಸ್ಕ್ ಚುಚ್ಚಿ ಮೌಂಟ್ ಮಾಡಿ. ಸ್ಕ್ರಿಪ್ಟಿನ ಮೇಲ್ಗಡೆ, ಮೌಂಟ್ ಪಟ್ಟಿಯಲ್ಲಿ /ಎಂಎನ್‌ಟಿ/ಬ್ಯಾಕಪ್ ಇಲ್ಲದಿದ್ರೆ ಅಲ್ಲೇ ನಿಲ್ಲು ಅಂತ ಒಂದು ಸಾಲು ಬೇಕು, ಅಳಿಯನಿಂದ ಬರೆಸಿ. ಡಿಸ್ಕಿಗೆ ಎಸ್‌ಡಿ1 ಅಂತ ಹೆಸರು ಕೊಟ್ಟಿದ್ರೆ ಅದನ್ನೂ ಬದಲಿಸ್ಲಿಕ್ಕೆ ಹೇಳಿ, ಚುಚ್ಚಿದ ಕ್ರಮ ಬದಲಾದ್ರೆ ಆ ಹೆಸರೂ ಬದಲಾಗ್ತದೆ. "ಡಿಸ್ಕ್‌ಲೇಬಲ್" ಕೊಟ್ಟರೆ ಡಿಯುಐಡಿ ಅಂತ 16 ಅಕ್ಷರದ ನಂಬರ್ ಸಿಗ್ತದೆ, ಅದು ಆ ಡಿಸ್ಕಿನದ್ದೇ.

ಠಾಣೆ_ಸ್ಲೋ | 3:20

ಒಪ್ಕೊಂಡೆ ಅಣ್ಣ, ಮೇಲ್ ಓದಿ ಅಂದಿದ್ದಕ್ಕೆ ನಾನು ನಕ್ಕಿದ್ದೆ. ಉಬುಂಟು ಹಾಕಿದ್ರೂ ಆ ಹುಡುಗ ಚಾರ್ಜರ್ ಅಲ್ಲೇ ಹಾಕ್ತಿದ್ದ.

ಚಿಂಚವಡ_ಅಕ್ಕ | 4:10

ಜಾಗ ಖಾಲಿ ಆದ್ಮೇಲೆ "ಡೂಆಸ್ ಸಿಸ್‌ಪ್ಯಾಚ್" ಓಡಿಸಿ, ಬಾಕಿ ಇರೋ ಪ್ಯಾಚ್ ಎಲ್ಲ ಬರುತ್ತೆ, ಕರ್ನಲ್‌ದು (ಸಿಸ್ಟಮಿನ ತಿರುಳು) ಇದ್ರೆ ರೀಬೂಟ್ ಮಾಡ್ಬೇಕು. ಆರು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತೆ, ಈಗಿನದು ಮತ್ತು ಅದರ ಹಿಂದಿನದು, ಎರಡಕ್ಕೆ ಮಾತ್ರ ಪ್ಯಾಚ್ ಕೊಡ್ತಾರೆ. ಹಾಗಾಗಿ ವರ್ಷಗಟ್ಟಲೆ ಬಿಟ್ಟಿರೋಕಾಗಲ್ಲ, "ಸಿಸ್‌ಅಪ್‌ಗ್ರೇಡ್" ಅಂತ ಒಂದೇ ಕಮಾಂಡಿದೆ, ಬ್ಯಾಕಪ್ ತಗೊಂಡು ಭಾನುವಾರ ಮಾಡಿ. ಮತ್ತೆ ಒಂದು ನೋಟ್‌ಬುಕ್ ಇಡಿ, ಯಾವ ತಾರೀಕು ಯಾವ ಫೈಲಲ್ಲಿ ಏನು ಬದಲಿಸಿದ್ರಿ ಅಂತ.

ಕೀರ್ದಿ_ಪುಣೆ | ಶುಕ್ರವಾರ ಮಧ್ಯಾಹ್ನ 1:55

ನೋಟ್‌ಬುಕ್ ಏನ್ರಿ ಅಕ್ಕಾ, ಕೆಂಪು ರಟ್ಟಿನ ಕೀರ್ದಿ ಪುಸ್ತಕಾನ ಇಟ್ಟೀನಿ, ಲಕ್ಷ್ಮೀ ಪೂಜಾದಾಗ ಒಂದ್ ಹೆಚ್ಚಿಗಿ ತಂದಿದ್ದು ಉಳದಿತ್ತು. ಇವತ್ತಿನ ಮೇಲ್‌ನ್ಯಾಗ ಮೂಲ ಪಾರ್ಟಿಶನ್ 13%ಕ್ಕ ಇಳದೈತಿ, ಬ್ಯಾಕಪ್ ಡಿಸ್ಕಿಂದೂ ಸಾಲು ಬಂದೈತಿ. ಇನ್ನೊಂದ್ ಮೇಲೂ ಬಂತು, "ಡೈಲಿ ಇನ್‌ಸೆಕ್ಯುರಿಟಿ" ಅಂತ, ಹೆಸರು ನೋಡಿ ಎದಿ ಧಸಕ್ ಅಂತು. ತಗದು ನೋಡಿದ್ರ ನಿನ್ನೆ ನಾ ಆರ್‌ಸಿ.ಲೋಕಲ್‌ನ್ಯಾಗ ತಿದ್ದಿದ ಸಾಲು, ಹಳೇದಕ್ಕ ಮೈನಸ್, ಹೊಸದಕ್ಕ ಪ್ಲಸ್ ಹಾಕಿ ಬರದೈತಿ. ನನ್ನ ಕೆಂಪು ಪುಸ್ತಕದ ಕೂಡ ತಾಳೆ ಹಾಕಿದೆ. ಕೂಡ್ತು.

ಮಾವಶಿಗೆ ಬಟನ್ ತೋರಿಸೀನಿ. "ಫ್ಯಾನ್ ನಿಂತ ಮ್ಯಾಲೆ ಮೇನ್" ಅಂತ ಮರಾಠಿಯೊಳಗ ಬರದು, ಮೊದಲ ಪಾಸ್‌ವರ್ಡ್ ಚೀಟಿ ಇದ್ದಲ್ಲೇ ಅಂಟಿಸೀನಿ. ಹುಡುಗಗ ತಪಕೀರ್ ಗಲ್ಲಿಯಿಂದ ಒಂದ್ ಚಾರ್ಜರ್ ಅಡಾಪ್ಟರ್ ತರಿಸಿ ಕೊಟ್ಟೆ.

ಮಾಟುಂಗ_ಬನ್ಸ್ | 2:10

ಇನ್ನು ಆ ಬ್ಯಾಕಪ್ಪಿನಿಂದ ಒಂದು ಫೈಲ್ ವಾಪಸ್ ತೆಗೆದು ವಿಂಡೋಸಲ್ಲಿ ತೆರೆದು ನೋಡಿ. ತೆರೀತದಾ ಹೇಳಿ.

ಕೀರ್ದಿ_ಪುಣೆ | 2:40

ಹೋದ ತಿಂಗಳ ಜಿಎಸ್‌ಟಿ ಶೀಟ್ ತಗದೆ, ತೆರೀತ್ರಿ.